ಹಸಿಂತಾಳ ನೀರಿನ ಪಾಳಿ

ತೋಟದ ಕಡೆಯಿಂದ ಮೋಟಾರು ಗರಗಸದ ಸದ್ದು ಕೇಳಿದ್ದೇ ತಡ, ಕಾಲುವೆಯ ತೂಬಿನ ಬಳಿ ಕೂತಿದ್ದ ಹಸಿಂತಾ ದಡಕ್ಕನೆ ಎದ್ದಳು. ಯಾವ ಮರಕ್ಕೆ ಗರಗಸ ಇಟ್ಟಿದ್ದಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಸಿಂತಿ ಕಣಿವೆಯಲ್ಲಿ ದ್ರಾಕ್ಷಿಬಳ್ಳಿ ಮೊಯೆ ಮರ ಹತ್ತಿಯೇ ಬೆಳೆದದ್ದು. ಆ ಮರದ ಆಸರೆಯಿಲ್ಲದೆ ಈ ಎತ್ತರದ ಬಿಸಿಲನ್ನೂ ಆಲಿಕಲ್ಲನ್ನೂ ತಡೆಯುವವರು ಯಾರು? ಆದರೆ ಪಟ್ಟಣದ ವೈನ್ ತಯಾರಕರಿಗೆ ಸಾಲು ದ್ರಾಕ್ಷಿಯೇ ಬೇಕಂತೆ. ಹಸಿಂತಾಳ ತಮ್ಮ ರೊಸೆಂದೊ ಮರಗಳನ್ನೆಲ್ಲ ಕಡಿಸಿ, ಕಂಬ ನೆಟ್ಟು, ತಂತಿ ಎಳೆದು ಹೊಸ ಸಸಿ ಇಟ್ಟಿದ್ದ. ಅಜ್ಜಿ ಬಳ್ಳಿ ಹಬ್ಬಿಸಿದ ಮರವೊಂದನ್ನು ಮಾತ್ರ ಮುಟ್ಟುವುದಿಲ್ಲವೆಂದು ತಾಯಿಯ ಸಮಾಧಿಯ ಮುಂದೆ ಮಾತು ಕೊಟ್ಟಿದ್ದ. ಮನೆಯ ವೈನ್ ಇಂದಿಗೂ ಆ ಬಳ್ಳಿಯದೇ.

ಕಡಿಯಲು ಎಂಥ ಹೊತ್ತು ಆರಿಸಿದ್ದಾನೆ ನೋಡಿ! ನೀರಿನ ಪಾಳಿ ಬಂದವರು ತೂಬು ಬಿಟ್ಟು ಕದಲುವಂತಿಲ್ಲ. ಕದಲಿದರೆ ನೀರು ಮುಂದಿನವರದ್ದು. ಏನೇ ಆದರೂ ಅಕ್ಕ ನೀರು ಬಿಟ್ಟು ಬರುವುದಿಲ್ಲವೆಂದು ಲೆಕ್ಕ ಹಾಕಿದ್ದ, ಕಳ್ಳ!

"ಹೋಗ್ಬೇಡ ಕಣಮ್ಮಾ," ಎಂದ, ಮುಂದಿನ ಪಾಳಿಗೆ ಕಾಯುತ್ತಿದ್ದ ಮುದುಕ ಮೆಲಿತೋನ್. "ನೀನು ಹೋದ್ರೆ ನಾನು ತೂಬು ತಿರುಗಿಸ್ಲೇಬೇಕಾಗುತ್ತೆ."

"ತಿರುಗಿಸ್ಕೊಳ್ಳಿ ಮಾವ!" ಎಂದವಳೇ ಲಂಗ ಎತ್ತಿ ಕಟ್ಟಿ ಓಡಿದಳು.

ಗರಗಸ ಆಗಲೇ ಬುಡದೊಳಗೆ ಗೇಣುದ್ದ ಇಳಿದಿತ್ತು. ಹಸಿಂತಾ ಹೋಗಿ ಮರವನ್ನು ತಬ್ಬಿ ನಿಂತಳು.

"ಮೊದ್ಲು ನನ್ನ ಕೊಯ್ಯಿ!"

ರೊಸೆಂದೊ ಗರಗಸ ನಿಲ್ಲಿಸಿದ. "ಅಕ್ಕಾ, ಇದ್ದಬದ್ದ ನೀರೆಲ್ಲ ಈ ಮರಾನೇ ಕುಡೀತಿದೆ. ಬಳ್ಳೀನ ತಂತಿಗೆ ಹಬ್ಬಿಸಿದ್ರಾಯ್ತು."

"ಅವ್ವನ ಸಮಾಧಿ ಮುಂದೆ ಮಾತು ಕೊಟ್ಟಿದ್ದು ಇದೇ ನಾಲಿಗೆ ತಾನೇ? ಥೂ, ನಾಚ್ಕೆ ಆಗ್ಬೇಕು ನಿನಗೆ! ಎದುರಿಗೆ ಕಡಿಯೋ ಧೈರ್ಯ ಇಲ್ಲ, ನಾನು ನೀರಿಗೆ ಹೋಗೋದನ್ನೇ ಕಾಯ್ತಿದ್ಯಾ?"

ಆಗಷ್ಟೇ ಅವನಿಗೆ ಹೊಳೆಯಿತು. "ನೀನಿಲ್ಲಿದ್ರೆ... ತೂಬಿನ ಹತ್ರ ಯಾರಿದಾರೆ?"

"ನಮ್ಮೋರು ಯಾರೂ ಇಲ್ಲ."

"ಅಯ್ಯೋ, ನನ್ನ ಸಸಿ! ನಮ್ಮ ಮುಂದಿನ ಪಾಳಿ ಬರೋ ಹೊತ್ತಿಗೆ ಒಣಗಿ ಕಡ್ಡಿ ಆಗ್ತವಲ್ಲೇ!"

"ತಂತಿ ಕಟ್ಟಿದೀಯಲ್ಲ, ಅದನ್ನೇ ಕೇಳು ನೀರು."

ಅವನು ಗರಗಸ ಎಸೆದು ತೂಬಿನತ್ತ ಓಡಿದ. ಸಾಲುಗಳ ನಡುವೆ ಹರಿಯುತ್ತಿದ್ದ ನೀರು ತೆಳ್ಳಗಾಗುತ್ತ ಬಂದು ನಿಂತೇಹೋಯಿತು. ಹಸಿಂತಾ ನೀರು ನಿಂತ ಸಾಲಿಗಿಳಿದು, ತಳದ ಹಸಿಮಣ್ಣನ್ನು ಬೊಗಸೆಯಲ್ಲಿ ಬಾಚಿ ತಂದು, ಮರದ ಗಾಯಕ್ಕೆ ಒತ್ತಿ ಒತ್ತಿ ತುಂಬತೊಡಗಿದಳು.