ಒಂದು ಗೇಣು ಆಕಾಶ

ಲಿಪುವೊ ನೂಲನ್ನು ಎಳೆದು ಬಾಚಣಿಗೆಯಿಂದ ಬಡಿದಳು. ಮತ್ತೆ ಎಳೆದಳು, ಮತ್ತೆ ಬಡಿದಳು. ಹೊರಗೆ ಗಂಡಸರು ಸಾವಿನ ಊಟಕ್ಕೆ ಎತ್ತಿನ ಮಾಂಸ ಕೊಚ್ಚುತ್ತಿದ್ದರು. ಮೂರು ಕಾಲಿನ ಹಂಡೆಗಳ ಹೊಗೆ ಬಾಗಿಲಿನಿಂದ ಒಳಗೇ ನುಗ್ಗುತ್ತಿತ್ತು. ಪಾದ್ರಿಗಳು ಹತ್ತಕ್ಕೆ ಬರುತ್ತೇನೆಂದಿದ್ದರು. ಮಗ್ಗದ ಮೇಲೆ ಇನ್ನೂ ನಾಲ್ಕು ಬೆರಳು ನೇಯುವುದು ಬಾಕಿಯಿತ್ತು.

ಸತ್ತವಳು ಮಾಲೆಬೊನ. ಪಕ್ಕದ ಗುಡಿಸಲಿನಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ತೆಯತೆಯನೆಂಗ್ ಊರಿನ ನೇಯ್ಗೆಮನೆಯಲ್ಲಿ ಮೂವತ್ತೊಂದು ವರ್ಷ ಹೊಸ ಹುಡುಗಿಯರಿಗೆ ಮಗ್ಗ ಕಲಿಸಿದವಳು. ಮಾಲೆಬೊನ ಎಂದರೆ ಲೆಬೊನನ ತಾಯಿ. ಮದುವೆಯಾದ ವಾರವೇ, ಮುಂದೆ ಆಗುವ ಮಗನ ಲೆಕ್ಕದಲ್ಲಿ ಅತ್ತೆ ಇಟ್ಟ ಹೆಸರು. ಲೆಬೊನ ಹುಟ್ಟಲೇ ಇಲ್ಲ. ಕೊಟ್ಟ ಹೆಸರನ್ನು ವಾಪಸು ಕೊಡುವುದಕ್ಕಾಗುತ್ತದೆಯೇ, ಹೊತ್ತುಕೊಂಡೇ ಬದುಕಿದಳು.

ನೇಯ್ಗೆಮನೆಯಲ್ಲಿ ಒಂದು ರೂಢಿಯಿದೆ. ನೇಯುವವಳು ಸತ್ತಾಗ ಅವಳ ಮಗ್ಗದ ಮೇಲಿದ್ದ ಚಿತ್ರದ ಬಟ್ಟೆಯನ್ನು ಅವಳ ಕೊನೆಯ ಶಿಷ್ಯೆಯೇ ಮುಗಿಸಬೇಕು. ಅದನ್ನು ಪೆಟ್ಟಿಗೆಯ ಮೇಲೆ ಹೊದಿಸಿ ಮಣ್ಣಿಗೆ ಕೊಡಬೇಕು. ಕಾಯಿಲೆ ಬಿದ್ದ ಮೇಲೆ ಮಾಲೆಬೊನ ಮನೆಗೇ ಮಗ್ಗ ತರಿಸಿಕೊಂಡು, ಬೆಟ್ಟ, ಗುಡಿಸಲು, ನೀರು ಹೊತ್ತ ಇಬ್ಬರು ಹೆಂಗಸರು ಇಷ್ಟನ್ನೂ ನೇಯ್ದು ಮುಗಿಸಿದ್ದಳು. ಮೇಲೆ ಒಂದು ಗೇಣು ಆಕಾಶ ಉಳಿದಿತ್ತು. ಬರೀ ನೀಲಿ, ಯಾರು ಬೇಕಾದರೂ ನೇಯಬಹುದು ಎಂದು ಎಲ್ಲರೂ ಲಿಪುವೊಗೆ ಧೈರ್ಯ ಹೇಳಿದ್ದರು. ಹೇಳುವವರಿಗೇನು ಹೋಗಬೇಕು. ಗುರುವಾರದಿಂದ ಕೂತಿದ್ದ ಅವಳ ಬೆನ್ನು ಈಗ ಅವಳದಾಗಿ ಉಳಿದಿರಲಿಲ್ಲ. ಬಟ್ಟೆಯ ಎರಡು ಅಂಚೂ ಒಳಕ್ಕೆ ಸರಿಯುತ್ತಿದ್ದವು. ಅವಳಿಗೆ ಅದು ಕಾಣುತ್ತಿತ್ತು. ಕಂಡಷ್ಟೂ ಕೈ ಬಿಗಿಯುತ್ತಿತ್ತು.

*

ಐದು ತಿಂಗಳ ಹಿಂದೆ, ಮೊದಲ ದಿನ, ಮಾಲೆಬೊನ ಅವಳ ಪಕ್ಕ ಕೂತು ಹೊಕ್ಕಿನ ನೂಲನ್ನು ಹಾಸಿನ ಎಳೆಗಳ ನಡುವೆ ತೂರಿಸಿ ತೋರಿಸಿದ್ದಳು.

"ನೆಟ್ಟಗೆ ಎಳೀಬೇಡ. ಹಿಂಗೆ ಗುಡ್ಡ ಮಾಡಿ ಬಿಡು, ಆಮೇಲೆ ಬಡಿ. ಗುಡ್ಡ ತಾನೇ ಕೂತ್ಕೊಳ್ಳುತ್ತೆ."

"ಎಳೆದ್ರೆ ಏನಾಗುತ್ತವ್ವಾ?"

"ಬಟ್ಟೆಗೆ ಸೊಂಟ ಬರುತ್ತೆ. ಸೊಂಟ ನಿನಗಿದ್ರೆ ಚೆನ್ನ, ಬಟ್ಟೆಗಲ್ಲ."

ಹೆದರಿದ ಕೈ ಎಳೆದೇ ಎಳೆಯುತ್ತದೆ. ಆ ಶನಿವಾರ ಮಧ್ಯಾಹ್ನದ ಹೊತ್ತಿಗೆ ಲಿಪುವೊಳ ಮೊದಲ ಬಟ್ಟೆ ಸೋರೆಬುರುಡೆಯ ಹಾಗೆ ನಡುವೆ ಸಣ್ಣಗಾಗಿತ್ತು. ಅವಳು ಅಳುತ್ತಾ ಎದ್ದಳು. ಮಾಲೆಬೊನ ಸೊಂಟದ ಮೇಲೆ ಕೈಯಿಟ್ಟುಕೊಂಡು, ಇದು ಆಡಿನ ಕೂದಲು, ಭಾನುವಾರ ಸುಮ್ಮನೆ ಬಿಟ್ಟರೆ ಮೈ ಸಡಿಲ ಮಾಡಿಕೊಳ್ಳುತ್ತದೆ, ಮನೆಗೆ ಹೋಗು ಎಂದಳು. ಸೋಮವಾರ ಬಂದು ನೋಡಿದರೆ ಅಂಚುಗಳು ಗೆರೆ ಎಳೆದಂತೆ ನೇರ. ಹಳೆಯ ಹೆಂಗಸರೂ ಹೌದೌದು, ನಮ್ಮದೂ ಹಾಗೇ ಆಗಿತ್ತು ಎಂದರು. ಆ ಬಟ್ಟೆ ಮಾರಾಟಕ್ಕೆ ಹೋಗುವ ಮುಂಚೆ ಲಿಪುವೊಳ ತಾಯಿ ಅದನ್ನು ಇಡೀ ಕೇರಿಗೆ ತೋರಿಸಿಕೊಂಡು ಬಂದಿದ್ದಳು.

*

ಕೊನೆಯ ಎಳೆ ಕೂತಾಗ ಒಂಬತ್ತು ಗಂಟೆ. ಮಾಫೂಸಿ ಒಳಗೆ ಬಂದಳು. ಅವಳು ಮಾಲೆಬೊನಳ ಮೊದಲ ಶಿಷ್ಯೆ, ಈಗ ನೇಯ್ಗೆಮನೆಗೇ ಹಿರಿಯಳು. ಬಟ್ಟೆಯ ಮೇಲೆ ಕೈಯಾಡಿಸಿದಳು. ತಲೆಯ ಕಡೆ ಅದು ಬುಡಕ್ಕಿಂತ ನಾಲ್ಕು ಬೆರಳು ಕಿರಿದಾಗಿತ್ತು.

"ಇದಕ್ಕೊಂದು ಭಾನುವಾರ ಬೇಕಿತ್ತವ್ವಾ," ಎಂದಳು ಲಿಪುವೊ.

ಬಾಗಿಲಲ್ಲಿ ನಿಂತಿದ್ದ ಮುದುಕ ಮೊಖೆಥಿ, ಮಾಲೆಬೊನಳ ಗಂಡ, ಮೂಗಿನಲ್ಲೇ ನಕ್ಕ. ಮೂರು ದಿನದಿಂದ ಬಂದವರಿಗೆಲ್ಲ ತಲೆಯಾಡಿಸಿ ಅವನು ದಣಿದುಹೋಗಿದ್ದ.

"ಭಾನುವಾರಕ್ಕೆ ಬಟ್ಟೆ ತಾನೇ ನೆಟ್ಟಗಾಗುತ್ತಾ? ಇಗರ್ಜಿಯಿಂದ ನೇರ ನೇಯ್ಗೆಮನೆಗೆ ಹೋಗ್ತಿದ್ಳು ನಿಮ್ಮವ್ವ. ಬೀಗದ ಕೈ ಅವಳ ಹತ್ರಾನೇ ಇತ್ತಲ್ಲ. ನೀವು ನೇಯ್ದಿದ್ದನ್ನೆಲ್ಲ ಬಿಚ್ಚೋಳು, ಮತ್ತೆ ನೇಯೋಳು. ನೂಲಿನ ಸಿಕ್ಕು ಬಿಡಿಸೋ ಕೆಲ್ಸ ನಂದು. ಮೂವತ್ತೊಂದು ವರ್ಷ ಭಾನುವಾರ ತಣ್ಣಗಿನ ಮುದ್ದೇನೇ ತಿಂದಿದ್ದೀನಿ."

ಮಾಫೂಸಿ ಮಗ್ಗದ ಕಂಬ ಹಿಡಿದು ನಿಂತಳು. ತನ್ನದೂನಾ ಎಂದು ಕೇಳಿದಳು. ಎಲ್ಲಕ್ಕಿಂತ ಜಾಸ್ತಿ ನಿನ್ನದೇ, ಎರಡು ಭಾನುವಾರ ಹಿಡಿಯಿತು ಎಂದ ಮುದುಕ. ಮೊದಲ ಬಟ್ಟೆ ತಿರಸ್ಕಾರವಾದರೆ ಹುಡುಗಿ ಎರಡನೆಯದಕ್ಕೆ ಕೂರುವುದಿಲ್ಲ ಎನ್ನುತ್ತಿದ್ದಳಂತೆ ಮಾಲೆಬೊನ. ಅವಳ ಬೆನ್ನು ಬಗ್ಗಿದ್ದು ವಯಸ್ಸಿಗೆ ಎಂದು ಊರವರು ತಿಳಿದುಕೊಂಡಿದ್ದರು, ಅವಳೂ ಹಾಗೇ ಬಿಟ್ಟಿದ್ದಳು.

ಲಿಪುವೊಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸತ್ತವಳ ಮೇಲೆ ಸಿಟ್ಟು ಬಂತು.

"ಹಂಗಾದ್ರೆ ನಾನು ಇದುವರೆಗೂ ಒಂದೂ ನೇಯ್ದಿಲ್ವಾ?"

ಮಾಫೂಸಿ ಹೊರಗಿನಿಂದ ಐದು ಜನ ಹೆಂಗಸರನ್ನು ಕರೆದಳು. ಎಲ್ಲರೂ ಆ ಮುದುಕಿಯ ಕೈಯಲ್ಲೇ ಕಲಿತವರು. ಪಾದ್ರಿಗಳು ಕಾಯಲಿ, ಆರು ಜನ ಸೇರಿದರೆ ಕಿರಿದಾದಷ್ಟನ್ನು ಬಿಚ್ಚಿ ಮಧ್ಯಾಹ್ನದೊಳಗೆ ನೇಯ್ದುಬಿಡಬಹುದು, ಅವಳ ಪೆಟ್ಟಿಗೆಯ ಮೇಲೆ ಸೊಂಟ ಬಂದ ಬಟ್ಟೆ ಬೇಡ ಎಂದು ಮಾತಾಯಿತು. ಒಬ್ಬಳು ಆಗಲೇ ತುದಿಯ ಗಂಟಿಗೆ ಉಗುರು ಹಾಕಿದ್ದಳು. ಲಿಪುವೊ ಗೋಡೆಗೆ ಸರಿದು ದಾರಿ ಬಿಟ್ಟಳು.

"ಬಿಚ್ಚಬೇಡಿ," ಎಂದ ಮೊಖೆಥಿ. "ನೀವು ಬಿಚ್ಚೋಕೆ ಶುರು ಮಾಡಿದ್ರೆ ಅವಳು ಎದ್ದು ಬಂದು ಕೂತ್ಕೋತಾಳೆ. ಸಾಕು. ಮಲಗಿರಲಿ."

ಗಂಟಿಗೆ ಉಗುರು ಹಾಕಿದ್ದವಳು ಕೈ ತೆಗೆದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಫೂಸಿ ಕತ್ತರಿ ತಂದು ಲಿಪುವೊಳ ಕೈಗೆ ಕೊಟ್ಟಳು.

"ನೀನೇ ಕತ್ತರಿಸು. ನಿನ್ನ ಮೊದಲನೇದು."

ಲಿಪುವೊ ಹಾಸಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಸ್ಮಶಾನದ ದಿಬ್ಬದಲ್ಲಿ ಚಳಿಗಾಲದ ಗಾಳಿ ಕೊರೆಯುತ್ತಿತ್ತು. ಗಂಡಸರು ಪೆಟ್ಟಿಗೆಯನ್ನು ಗುಂಡಿಯ ಪಕ್ಕ ಇಳಿಸಿದರು. ಮೇಲೆ ಹೊದಿಸಿದ ಬಟ್ಟೆಯಲ್ಲಿ, ಪಾದದ ಕಡೆ ಬೆಟ್ಟವೂ ಗುಡಿಸಲೂ ಪೆಟ್ಟಿಗೆಯ ಅಂಚಿನವರೆಗೆ ಸರಿಯಾಗಿ ಹರಡಿದ್ದವು. ತಲೆಯ ಕಡೆ ನೀಲಿ ಸಾಲದೆ, ಎರಡೂ ಪಕ್ಕ ಎರಡೆರಡು ಬೆರಳು ಪೆಟ್ಟಿಗೆಯ ಮರ ಕಾಣುತ್ತಿತ್ತು. ಪಾದ್ರಿಗಳು ಪ್ರಾರ್ಥನೆ ಶುರುಮಾಡಿದರು. ಸುತ್ತ ನಿಂತ ಹೆಂಗಸರ ಕಂಬಳಿಗಳೊಳಗಿಂದ ಒಂದೊಂದೇ ಕೈ ಹೊರಬಂದು, ಬಟ್ಟೆಯ ಆ ಅಂಚನ್ನು ಹಿಡಿದು ಎಳೆಯಲು ಮುಂದಾಗಿ, ಗಾಳಿಯಲ್ಲೇ ನಿಂತು, ಮತ್ತೆ ಕಂಬಳಿಯೊಳಗೆ ಹೋಯಿತು.