ಗೇರ್ ಎಣ್ಣೆಯ ಕಡ್ಡಿ

ಬರದ ವರ್ಷ ಯೇಸುದಾಸ ನೌಬಾದದ ಗ್ಯಾರೇಜನ್ನು ಹೆಂಡತಿ ಲಿಲ್ಲಿಗೆ ಬಿಟ್ಟು ಪುಣೆಗೆ ದುಡಿಯಲು ಹೋಗಿದ್ದ. ಹಳೆಯ ಗಿರಾಕಿ ದತ್ತಾತ್ರಿ ಮಾಸ್ತರರ ಆಟೋಮ್ಯಾಟಿಕ್ ಡೀಸೆಲ್ ಕಾರು ಏರು ಹತ್ತುತ್ತಿರಲಿಲ್ಲ.

ಲಿಲ್ಲಿ ಎಂಜಿನ್ ಚಾಲೂ ಇಟ್ಟೇ ಗೇರ್ ಎಣ್ಣೆಯ ಕಡ್ಡಿ ಎಳೆದು ನೋಡಿದಳು. ಎಣ್ಣೆ ಕಪ್ಪಾಗಿತ್ತು, ಕಡಿಮೆಯೂ ಇತ್ತು.

“ಗಾಡಿ ಬಂದ್ ಮಾಡಿ ನೋಡವ್ವಾ. ಯೇಸುದಾಸ ಹಂಗೇ ನೋಡಿ, ಎಣ್ಣಿ ಭರ್ತಿ ಅದ ಅಂದಿದ್ದ,” ಎಂದರು ಪಕ್ಕದಲ್ಲಿ ನಿಂತಿದ್ದ ಮಾಸ್ತರರು.

“ಬಂದ್ ಮಾಡಿದ್ರ ಮ್ಯಾಲಿನ ಎಣ್ಣಿ ಕಡ್ಡಿ ಇರೂ ತಳಕ್ಕ ಇಳಿದು ಭರ್ತಿ ಕಾಣಿಸ್ತದರಿ. ಅವರು ತಪ್ಪು ನೋಡ್ಯಾರ. ಎಲ್ಲಾ ಎಣ್ಣಿ ಬದಲಿ ಮಾಡಬೇಕು.”

“ಅವನೇ ಬರಲಿ, ಆಮ್ಯಾಲ ಮಾಡಸ್ತೇನಿ.”

ಲಿಲ್ಲಿ ಕಡ್ಡಿಯನ್ನು ಅವರ ಮೂಗಿಗೆ ಹಿಡಿದಳು. “ಅಲ್ಲೀತನಕ ಗಾಡಿ ದಬ್ಕೊಂತ ತಿರಗ್ರಿ.”

ಸುಟ್ಟ ವಾಸನೆಗೆ ಮುಖ ಕಿವುಚಿದ ಮಾಸ್ತರರು ಎಂಜಿನ್ ಬಂದ್ ಮಾಡಿ, ಕೀಲಿಯನ್ನು ಅವಳ ಕೈಗಿಟ್ಟರು.

ಲಿಲ್ಲಿ ಕಾರಿನಡಿಗೆ ಬೋಗುಣಿ ತಳ್ಳಿದಳು. “ಅವರು ಬರಲಿರಿ. ಅವರಿಗೂ ಕಲಸ್ತೇನಿ.”