ಹನ್ನೊಂದು ಮೈಕಿನ ಹಾಡು

ಮೈಕಿನ ತಂತಿ ಜನರ ಕಾಲಿಗೆ ಸಿಗದಂತೆ ಗೋಡೆಯಂಚಿಗೆ ಟೇಪು ಅಂಟಿಸುತ್ತ, ಮೊಣಕಾಲ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದ ಹಾಡುಗಾರ್ತಿ ಸೀಟಿಯ ಬೆನ್ನು ಮೇಜಿನ ಕಾಲಿಗೆ ತಗುಲಿತು. ಮೇಜಿನ ಮೇಲೆ ವೈರಣ್ಣ ಮಲಗಿದ್ದರು. "ಸಾರಿ ಅಣ್ಣ" ಅಂದುಬಿಟ್ಟಳು. ಇನ್ನು ಈ ಮನುಷ್ಯ ಬೈಯುವುದಿಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಮನೆಯ ಮೆಟ್ಟಿಲು ಇಕ್ಕಟ್ಟೆಂದು ಅವರನ್ನು ಅವರದೇ ಶೆಡ್ಡಿನಲ್ಲಿ ಇಟ್ಟಿದ್ದರು. ಹಗಲೆಲ್ಲ ಮಿಕ್ಸಿ, ಫ್ಯಾನು ರಿಪೇರಿ. ಸಂಜೆಯಾದರೆ ಊರಿನ ಬ್ಯಾಂಡುಗಳ ಹಾಡು ರೆಕಾರ್ಡು ಮಾಡುವ ಜಾಗ. ಮೂವತ್ತೆಂಟು ವರ್ಷ ಕುತ್ತಿಗೆಗೆ ಹಾರದ ಹಾಗೆ ವೈರು ಸುತ್ತಿಕೊಂಡು ಓಡಾಡಿದ್ದರಿಂದ ವೈರಣ್ಣ ಎಂಬ ಹೆಸರು ಬಿದ್ದಿತ್ತು. ಗೋಡೆಗೂ ಸೂರಿಗೂ ಮೊಟ್ಟೆ ಟ್ರೇ, ಹಳೆ ಹಾಸಿಗೆ ಬಡಿದು ಸದ್ದು ಮಾರ್ದನಿಸದಂತೆ ಮಾಡಿಟ್ಟಿದ್ದರು. ಹಾಗಾಗಿ ಇವತ್ತು ಬಂದವರ ಅಳುವೂ ಬಾಯಿಂದ ಹೊರಬಿದ್ದಲ್ಲೇ ಇಂಗಿಹೋಗುತ್ತಿತ್ತು.

"ಇದೆಂಥಾ ಜಾಗನೋ, ಅತ್ತರೂ ಕೇಳಿಸಲ್ಲ" ಎಂದು ವೈರಣ್ಣನ ಅಕ್ಕ ಬೆಳಗಿನಿಂದ ಮೂರು ಸಲ ಅಂದಿದ್ದರು. ಅಕ್ಕ ನಿವೃತ್ತ ಹೆಡ್‌ಮಿಸ್ಸು. ಬಂದವರಲ್ಲಿ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಅಂಗಳದಲ್ಲಿ ನಾಲ್ಕು ಮಾತಾಡುವುದಕ್ಕೆ ಮೈಕು ಇಡು ಅಂದವರೂ ಅವರೇ, "ಮಾತು ಮಾತ್ರ. ಹಾಡು ಗೀಡು ಅಂದ್ರೆ ನಾನೇ ವೈರು ಕಿತ್ತುಹಾಕ್ತೀನಿ" ಎಂದವರೂ ಅವರೇ.

ಸೀಟಿ ಅಂಗಳಕ್ಕೆ ಹೋಗಿ ಮೈಕು ಆನ್ ಮಾಡಿದಳು. ಬಾಯಿಗೆ ತಾನಾಗಿ ಬಂದದ್ದು ವೈರಣ್ಣ ಪ್ರತಿಸಲ ಮೈಕು ನೋಡುವಾಗ ಗುನುಗುತ್ತಿದ್ದ ಸಾಲುಗಳು.

"ಬೀದಿ ದೀಪ ಕೆಟ್ಟ ಮೇಲೂ, ಬೀದಿ ಅಲ್ಲೇ ಇರುತ್ತದೆ. ನಿನ್ನ ಹೆಜ್ಜೆ ಕೇಳಿದರೆ..."

ಅಷ್ಟಕ್ಕೆ ನಿಲ್ಲಿಸಿದಳು. ಅವಳಿಗೆ ಗೊತ್ತಿದ್ದದ್ದೇ ಅಷ್ಟು.

"ದಾರಿ ನನಗೆ ತಿಳಿಯುತ್ತದೆ" ಎಂದು ಹಿಂದಿನಿಂದ ಯಾರೋ ಮುಗಿಸಿದರು. ತಿರುಗಿ ನೋಡಿದರೆ ಬಸ್ಸಿನ ಡ್ರೈವರು. ಇಪ್ಪತ್ತು ವರ್ಷದ ಹಿಂದೆ ಆತನದೂ ಒಂದು ಬ್ಯಾಂಡಿತ್ತು.

"ಅದು ಮೂರೇ ಸಾಲು ಅಲ್ವಾ ಅಣ್ಣ?"

"ಎಲ್ಲಿ ಮೂರು? ಆರು. 'ಬಾಗಿಲಿಗೆ ಚಿಲಕವಿಲ್ಲ, ತಳ್ಳಿ ನೋಡು ತೆರೆಯುತ್ತದೆ' ಅಂತ ಮುಂದೆ ಇದೆ. ನಿಮ್ಮ ಬ್ಯಾಂಡಿಗೆ ಎಷ್ಟು ಮೈಕು ಹಾಕ್ತಿದ್ರು?"

"ಮೂರು."

"ನಮಗೆ ಆರು." ಡ್ರೈವರು ಬೆರಳು ಮಡಚುವುದನ್ನು ಅಲ್ಲಿಗೇ ಬಿಟ್ಟು ಅವಳ ಮುಖ ನೋಡಿದ. "ಅಯ್ಯೋ ನನ್ನ ತಲೆಗಿಷ್ಟು. ಮೈಕಿಗೊಂದು ಸಾಲು ಹಾಡ್ತಿದ್ರು ಕಣಮ್ಮ."

ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ವೈರಣ್ಣನ ಹೆಂಡತಿ ತಲೆಯೆತ್ತದೆ ಹೇಳಿದರು, "ಅದು ಅವರದೇ ಹಾಡು. ಮದುವೆಗೆ ಮುಂಚೆ ಬರೆದಿದ್ದು. ನಿಮ್ಮ ಯಾರಿಗೂ ಗೊತ್ತಿರಲಿಲ್ವಾ?"

ಸೀಟಿಗೆ ರೇಡಿಯೋದಲ್ಲಿ ತಾವು ಹೇಳಿದ ಪಟ್ಟಿ ನೆನಪಾಯಿತು.

*

ಎರಡು ಭಾನುವಾರದ ಹಿಂದೆ ಊರಿನ ರೇಡಿಯೋದವರು ಸೀಟಿಯ ಬ್ಯಾಂಡನ್ನು ಕರೆಸಿದ್ದರು. ಅವಳು, ಡ್ರಮ್ಮು ಬಾರಿಸುವ ಅವಳ ತಮ್ಮ, ಗಿಟಾರಿನವನು. ಒಂದು ಗಂಟೆಯ ಕಾರ್ಯಕ್ರಮ: ನಮ್ಮೂರಿನ ಬ್ಯಾಂಡುಗಳ ಹಾಡುಗಳಲ್ಲಿ ನಿಮಗೆ ಪ್ರಾಣವಾದ ಐದನ್ನು ಹೇಳಿ, ಕೇಳಿಸಿ. ಮೂವರೂ ವಾರವಿಡೀ ಕಿತ್ತಾಡಿ ಐದು ಆರಿಸಿದ್ದರು. ಬರೆದವರ ಹೆಸರು, ಹಾಡಿದವರ ಹೆಸರು, ಒಂದರಲ್ಲಿ ಚಪ್ಪಾಳೆ ತಟ್ಟಿದವರ ಹೆಸರನ್ನೂ ಬಿಡದೆ ಹೇಳಿದ್ದರು.

ಮರುದಿನ ಆಸ್ಪತ್ರೆಗೆ ಹೋದಾಗ ವೈರಣ್ಣನ ದಿಂಬಿನ ಪಕ್ಕ ಪುಟ್ಟ ರೇಡಿಯೋ ಇತ್ತು.

"ಕೇಳಿದ್ರಾ ಅಣ್ಣ?"

"ಕೇಳಿದೆ. ಚೆನ್ನಾಗಿ ಆರಿಸಿದೀರಿ. ಮೂರನೇದರಲ್ಲಿ ಡ್ರಮ್ಮು ಒಂಚೂರು ಜೋರಾಗಿದೆ. ನನ್ನದೇ ತಪ್ಪು, ಅವತ್ತು ಜ್ವರ ಇತ್ತು."

ಆಗ ಅವಳಿಗೆ ಹೊಳೆಯಿತು, ಐದಕ್ಕೆ ಐದೂ ಆ ಶೆಡ್ಡಿನಲ್ಲೇ ರೆಕಾರ್ಡಾದವು. ಅವರ ಹೆಸರು ಮಾತ್ರ ಒಂದು ಸಲವೂ ಬಂದಿರಲಿಲ್ಲ. ಕೆನ್ನೆಗೆ ಬಾರಿಸಿದಂತಾಯಿತು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು, "ನಿನ್ನ 'ಸ' ಇನ್ನೂ ಸೀಟಿ ಹೊಡೀತದೆ. ಮೈಕಿಗೆ ಅಡ್ಡಡ್ಡ ನಿಲ್ಲು ಅಂತ ಹನ್ನೊಂದು ವರ್ಷದಿಂದ ಬಡ್ಕೊತಿದೀನಿ" ಅಂದರು. ಅವಳಿಗೆ ಆ ಹೆಸರಿಟ್ಟವರೂ ಅವರೇ. ನಕ್ಕು, ಮುಂದಿನ ಕಾರ್ಯಕ್ರಮದಲ್ಲಿ ಹೇಳಿದರಾಯಿತು ಅಂದುಕೊಂಡು ಎದ್ದು ಬಂದಳು. ಮುಂದಿನದು ಬರುವಷ್ಟರಲ್ಲಿ ಅವರು ಹೋಗಿಬಿಟ್ಟರು.

*

"ನಾಲ್ಕಕ್ಕೆ ಗಾಡಿ ಬರುತ್ತೆ. ಅಷ್ಟರೊಳಗೆ ಆ ಹಾಡು ಪೂರ್ತಿ ಸಿಗಬೇಕು. ಅವರನ್ನ ಎತ್ತೋ ಮುಂಚೆ ಹಾಡಬೇಕು" ಅಂದಳು ಸೀಟಿ.

"ಹೆಡ್‌ಮಿಸ್ಸು ಬಿಡ್ತಾರಾ?" ಎಂದ ಗಿಟಾರಿನವನು.

"ಮೊದಲು ಹಾಡು ಸಿಗಲಿ."

ಅಂಗಳದಲ್ಲಿ ಸಂಗೀತದವರಿಗೇನು ಬರವೇ. ಅವಳು ಒಬ್ಬೊಬ್ಬರನ್ನೇ ಹಿಡಿದು ಕೇಳಿದಳು: ನಿಮಗೆ ಎಷ್ಟು ಮೈಕು? ನಾಲ್ಕಂದವರಿಗೆ ನಾಲ್ಕು ಸಾಲು, ಎಂಟಂದವರಿಗೆ ಎಂಟು. ಎಲ್ಲರೂ ತಮಗೆ ಗೊತ್ತಿದ್ದಷ್ಟೇ ಪೂರ್ತಿ ಎಂದು ನಂಬಿಕೊಂಡಿದ್ದವರು. ಎಲ್ಲರ ಟೇಪಿನ ಮೊದಲಿಗೂ ಆ ದನಿ ಇತ್ತು. ಎಲ್ಲರೂ ಅದನ್ನು ಕತ್ತರಿಸಿ, ತಮ್ಮ ಹಾಡನ್ನಷ್ಟೇ ಇಟ್ಟುಕೊಂಡಿದ್ದರು.

"ಹನ್ನೊಂದೂ ಮೈಕು ಹಾಕಿಸಿಕೊಂಡವನು ನಾನೊಬ್ಬನೇ" ಎಂದರು ಹಲ್ಲಿನ ಡಾಕ್ಟರು. ಕಾಲೇಜಿನಲ್ಲಿದ್ದಾಗ ಅವರದು ದೊಡ್ಡ ತಂಡ. "ನಂಗೆ ಎಂಟರ ಮೇಲೆ ನೆನಪಿಲ್ಲ. ಆದ್ರೆ ಟೇಪು ಕತ್ತರಿಸಿಲ್ಲ. ಸೋಮಾರಿತನ. ಕ್ಲಿನಿಕ್ಕಿನ ಬೀರುವಲ್ಲಿದೆ."

ಸೀಟಿಯ ತಮ್ಮ ಬೀಗದ ಕೈ ಇಸಿದುಕೊಂಡು ಬೈಕು ಹತ್ತಿದ. ಅವನು ವಾಪಸು ಬಂದಾಗ ಮೂರೂ ಕಾಲು. ಶೆಡ್ಡಿನ ಟೇಪ್ ರೆಕಾರ್ಡರಿಗೆ ಹಾಕಿದರೆ ಅದು ಗೊರಗೊರ ಎಂದು ನಿಂತಿತು. ಗಿಟಾರಿನವನು ಕೈ ಚೆಲ್ಲಿದ.

"ಆಚೆ ಸರೀರಿ, ಬೆಲ್ಟು ಹೋಗಿದೆ" ಎಂದು ವೈರಣ್ಣನ ಹೆಂಡತಿ ಎದ್ದು ಬಂದರು. ಮೂವತ್ತು ವರ್ಷ ಗಂಡನ ಕೈಗೆ ಸ್ಕ್ರೂಡ್ರೈವರು ಕೊಟ್ಟವರು. ಯಾವ ಡಬ್ಬಿಯಲ್ಲಿ ಏನಿದೆಯೆಂದು ಅವರಿಗೆ ಕೇಳಬೇಕೆ. ಗಂಡನ ಪಾದದ ಪಕ್ಕ ಮೇಜಿನ ಅಂಚಲ್ಲೇ ಯಂತ್ರ ಇಟ್ಟುಕೊಂಡು, ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿ, ಐದು ನಿಮಿಷದಲ್ಲಿ ಹೊಸ ಬೆಲ್ಟು ಹಾಕಿದರು.

ಇಪ್ಪತ್ತೇಳು ವರ್ಷದ ಹುಡುಗನೊಬ್ಬನ ದನಿ ಶೆಡ್ಡಿನಲ್ಲಿ ತುಂಬಿತು. ಒಂದು, ಅಂತ ಹೇಳಿ ಒಂದು ಸಾಲು. ಎರಡು, ಅಂತ ಹೇಳಿ ಇನ್ನೊಂದು. ಆತುರವಿಲ್ಲ, ನಾಚಿಕೆಯಿಲ್ಲ. ಹನ್ನೊಂದನೆಯದು ಬಂತು: "ತಡವಾಯಿತೆಂದು ನಿಲ್ಲಬೇಡ..." ಆಮೇಲೆ ಕೆಮ್ಮು, "ಸಾಕು, ನೀವು ಶುರುಮಾಡಿ."

ಸೀಟಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅಳುವುದಕ್ಕೆ ಈಗ ಪುರುಸೊತ್ತಿಲ್ಲ ಎಂದು ತನಗೆ ತಾನೇ ಗದರಿಕೊಂಡರೂ ನಿಲ್ಲಲಿಲ್ಲ.

"ಯಾರು ಹಾಡಿದ್ದು?" ಬಾಗಿಲಲ್ಲಿ ಹೆಡ್‌ಮಿಸ್ಸು ನಿಂತಿದ್ದರು.

"ನಿಮ್ಮ ತಮ್ಮ, ಮೇಡಂ."

"ಅದು ಗೊತ್ತಾಗುತ್ತೆ, ನಾನೇನು ಕಿವುಡಿನಾ. ಹಾಡು ಯಾರದು?"

"ಅವರದೇ."

ಹೆಡ್‌ಮಿಸ್ಸು ಮೇಜಿನ ಕಡೆ ನೋಡಿದರು. "ಜೀವನವೆಲ್ಲ ಕಂಡವರ ಹಾಡಿಗೆ ವೈರು ಜೋಡಿಸ್ಕೊಂಡು ಕೂತ ಅಂತ ಬೈದಿದ್ದೇ ಬೈದಿದ್ದು. ಒಂದು ಸಲನಾದ್ರೂ ನಂದೂ ಒಂದಿದೆ ಅನ್ನಬಾರದಿತ್ತೇನೋ, ಪಾಪಿ." ಅವರು ಸೀಟಿಯ ಕಡೆ ತಿರುಗಿದರು. "ಹಾಡಿ. ಅಂಗಳದಲ್ಲಿ ಹಾಡಿ, ಇಲ್ಲಿ ಬೇಡ. ಇಲ್ಲಿ ಗೋಡೆ ಕುಡಿದುಬಿಡುತ್ತೆ."

ಇನ್ನು ಹದಿನೈದು ನಿಮಿಷ. ಗಿಟಾರಿನವನು ರಾಗ ಹಿಡಿದ, ಸೀಟಿಯ ತಮ್ಮ ಕುರ್ಚಿಯ ಬೆನ್ನನ್ನೇ ಡ್ರಮ್ಮು ಮಾಡಿಕೊಂಡ. "ಹನ್ನೆರಡನೇ ಸಾಲು ಇರಲೇಬೇಕು, ಪ್ರಾಸ ಅರ್ಧಕ್ಕೆ ನಿಂತಿದೆ. ನಾನು ಬರೀಲಾ?" ಎಂದು ಗಿಟಾರಿನವನು ಕೇಳಿದ. ಸೀಟಿ ವೈರಣ್ಣನ ಹೆಂಡತಿಯ ಕಡೆ ನೋಡಿದಳು.

"ಮನೇಲಿ ಹಾಡಿದವರಲ್ಲ ಕಣಮ್ಮ. ಇದ್ದಿದ್ದೇ ಹನ್ನೊಂದು ಮೈಕು, ಇನ್ನೊಂದು ತಗೊಂಡಿದ್ರೆ ಕೇಳ್ತಿದ್ವೇನೋ."

"ಹಾಗಾದ್ರೆ ಹನ್ನೊಂದೇ. ನಮ್ಮದು ಸೇರಿಸೋದು ಬೇಡ" ಎಂದಳು ಸೀಟಿ.

ಮೈಕಿಗೆ ಅಡ್ಡಡ್ಡ ನಿಂತು ಹಾಡಿದಳು. ಮೊದಲು, "ಇದು ನಮ್ಮೂರಿನ ಹಾಡು. ಬರೆದವರು ವೈರಣ್ಣ. ರೇಡಿಯೋದ ಪಟ್ಟಿಯಲ್ಲಿ ಇದು ಮೊದಲನೇದು, ನಾನು ಹೇಳೋದು ತಡವಾಯ್ತು" ಅಂದಳು. ಹನ್ನೊಂದನೇ ಸಾಲು ಮುಗಿದದ್ದೇ ಹಾಡು ಗಾಳಿಯಲ್ಲಿ ನಿಂತುಹೋಯಿತು. ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊರಗೆ ಗಾಡಿ ಬಂದು ನಿಂತಿತ್ತು.

"ಮತ್ತೆ ಮೊದಲಿಂದ ಹೇಳು. ನಿಲ್ಲಬೇಡ ಅಂತ ಅವನೇ ಹೇಳಿದಾನಲ್ಲ" ಎಂದರು ಹೆಡ್‌ಮಿಸ್ಸು.

ಎರಡನೇ ಸುತ್ತಿಗೆ ಡ್ರೈವರು, ಡಾಕ್ಟರು ದನಿ ಕೂಡಿಸಿದರು. ಮೂರನೆಯದಕ್ಕೆ ವೈರಣ್ಣನನ್ನು ಎತ್ತಿದರು. ಗಾಡಿಗೆ ಹಾಕಲಿಲ್ಲ, ಹೆಗಲು ಬದಲಾಯಿಸುತ್ತ ನಡೆದೇ ಹೋದರು, ಖಾಲಿ ಗಾಡಿ ಹಿಂದೆ ಹಿಂದೆ ಬಂತು. ಔಷಧಿ ಅಂಗಡಿ ದಾಟಿ, ಪೆಟ್ರೋಲು ಬಂಕು ದಾಟಿ, ಸಾಲು ಮುಗಿದಲ್ಲೆಲ್ಲ ಮತ್ತೆ ಬೀದಿ ದೀಪದಿಂದ ಶುರು. ಸೀಟಿಯ ದನಿ ಒಡೆದುಹೋಗಿತ್ತು. ಆದರೂ ಬಿಡಲಿಲ್ಲ.

ಸ್ಮಶಾನದ ಕಾವಲುಗಾರ ಗೇಟಿನ ಒಂದು ಬಾಗಿಲನ್ನಷ್ಟೇ ತೆರೆದಿಟ್ಟಿದ್ದ. ಜನ ನೋಡಿ ಅಗುಳಿ ಕಿತ್ತು ಇನ್ನೊಂದನ್ನೂ ಎಳೆದು ಹಿಡಿದು ನಿಂತ. ಸತ್ತವರು ಯಾರೆಂದು ಅವನು ಇನ್ನೂ ಕೇಳಿರಲಿಲ್ಲ. ಬೀದಿಯಿಂದ ಕೇಳಿಬರುತ್ತಿದ್ದ ಹಾಡಿನ ಎರಡನೇ ಸಾಲು ಆಗಲೇ ಬಾಯಿಗೆ ಬಂದಿತ್ತು.